ಪ್ರಯೋಗಾಲಯವಿಲ್ಲದ ಊರಿನಿಂದ ಮೆದುಳಿನ ಗಣಿತದೆಡೆಗೆ: ಸಂಶೋಧನಾ ಇಂಟರ್ನ್‌ಶಿಪ್‌ಗೆ ಸಿದ್ಧರಾಗುವ ಬಗೆ

ಬಾಗಲಕೋಟೆಯಲ್ಲಿ ಇಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಗಣಿತ ಹೇಳಿಕೊಡುವ ನನ್ನ ಬಳಿ ಐದನೆಯ ಸೆಮಿಸ್ಟರ್ ಶುರುವಾಗುವ ಹೊತ್ತಿಗೆ ಯಾರಾದರೂ ಒಬ್ಬರು ಬಂದು, "ಸರ್ರ, ನಮ್ಮ ಕಾಲೇಜಿನ್ಯಾಗ ಅಂಥಾ ಲ್ಯಾಬ್ ಇಲ್ಲ, ಮೆದುಳಿನ ಮ್ಯಾಲೆ ರಿಸರ್ಚ್ ಹ್ಯಾಂಗ ಮಾಡೂದ್ರಿ?" ಎಂದು ಕೇಳುತ್ತಾರೆ. ಮೆದುಳು ಕೆಲಸ ಮಾಡುವ ಬಗೆಯನ್ನು ಗಣಿತದಿಂದ ಅರಿಯುವ ಸೈದ್ಧಾಂತಿಕ ನರವಿಜ್ಞಾನಕ್ಕೆ ಸೂಕ್ಷ್ಮದರ್ಶಕವಾಗಲಿ, ಪ್ರಯೋಗದ ಪ್ರಾಣಿಗಳಾಗಲಿ ಬೇಕಿಲ್ಲ. ಕಾಗದ, ಪೆನ್ನು, ಸಾಧಾರಣ ಲ್ಯಾಪ್‌ಟಾಪ್ ಮತ್ತು ಗಣಿತದ ಮೇಲಿನ ಪ್ರೀತಿ ಇದ್ದರೆ ಹಾಸ್ಟೆಲ್ಲಿನ ಕೋಣೆಯಲ್ಲಿಯೇ ಕೆಲಸ ಆರಂಭಿಸಬಹುದು. ಇಂಟರ್ನ್‌ಶಿಪ್ ಸಿಕ್ಕ ಮೇಲೆ ಕಲಿಯುತ್ತೇನೆ ಎಂದು ಕಾಯುವವರಿಗಿಂತ, ಒಂದು ಸಣ್ಣ ಕೆಲಸವನ್ನು ಮೊದಲೇ ಮಾಡಿ ಮುಗಿಸಿದವರಿಗೆ ಅದು ಸಿಗುವ ಸಾಧ್ಯತೆ ಹೆಚ್ಚು ಎಂಬುದನ್ನು ನಾನು ಮತ್ತೆ ಮತ್ತೆ ಕಂಡಿದ್ದೇನೆ.

ನರಕೋಶವನ್ನು ಸಮೀಕರಣವಾಗಿ ನೋಡುವ ಪರಂಪರೆ ಹಳೆಯದು. 1907ರಲ್ಲಿ ಫ್ರಾನ್ಸಿನ ಲಾಪಿಕ್ ನರವನ್ನು ಒಂದು ರೋಧಕ ಮತ್ತು ಒಂದು ಕೆಪಾಸಿಟರ್ ಇರುವ ಸರ್ಕ್ಯೂಟಿನಂತೆ ಕಂಡರು. 1943ರಲ್ಲಿ ಮೆಕಲಕ್ ಮತ್ತು ಪಿಟ್ಸ್ ಅದನ್ನು ತರ್ಕದ ಗೇಟಿನಂತೆ ಕಂಡರು. 1952ರಲ್ಲಿ ಹಾಜ್ಕಿನ್ ಮತ್ತು ಹಕ್ಸ್ಲಿ ಸ್ಕ್ವಿಡ್ ಎಂಬ ಕಡಲಜೀವಿಯ ದಪ್ಪ ನರತಂತುವಿನಲ್ಲಿ ವಿದ್ಯುತ್ತು ಹರಿಯುವ ಬಗೆಯನ್ನು ನಾಲ್ಕು ಅವಕಲ ಸಮೀಕರಣಗಳಲ್ಲಿ ಹಿಡಿದಿಟ್ಟರು. 1982ರಲ್ಲಿ ಹಾಪ್‌ಫೀಲ್ಡ್ ಕಟ್ಟಿದ ನೆನಪಿನ ಜಾಲ, ಅಂದರೆ ಅರೆಬರೆ ಸುಳಿವು ಕೊಟ್ಟರೆ ತಾನು ಕಲಿತ ಪೂರ್ತಿ ವಿನ್ಯಾಸವನ್ನು ನೆನೆಯುವ ನರಕೋಶಗಳ ಮಾದರಿ, ಇದೇ ಹಾದಿಯದು. ಅವರಿಗೂ ಜೆಫ್ರಿ ಹಿಂಟನ್ ಅವರಿಗೂ 2024ರ ಭೌತಶಾಸ್ತ್ರದ ನೊಬೆಲ್ ಬಂದಾಗ, ಮೆದುಳಿನ ಸಿದ್ಧಾಂತ ಮತ್ತು ಮಷಿನ್ ಲರ್ನಿಂಗ್ ಎರಡೂ ಒಂದೇ ಬೇರಿನಿಂದ ಬಂದವೆಂಬುದು ಹೊರಗಿನವರಿಗೂ ತಿಳಿಯಿತು.

ಬೇಕಾದ ಗಣಿತದ ಬಹುಭಾಗವನ್ನು ನೀವು ಮೊದಲ ಮೂರು ಸೆಮಿಸ್ಟರಿನಲ್ಲಿಯೇ ಓದಿರುತ್ತೀರಿ: ಮ್ಯಾಟ್ರಿಕ್ಸ್, ಐಗನ್ ವ್ಯಾಲ್ಯೂ, ಮೊದಲ ದರ್ಜೆಯ ಅವಕಲ ಸಮೀಕರಣ, ಸಂಭವನೀಯತೆ. ಪರೀಕ್ಷೆಗೆಂದು ಕಲಿತದ್ದನ್ನು ಅರ್ಥಕ್ಕೆಂದು ಇನ್ನೊಮ್ಮೆ ಓದಿ. ಪೈಥಾನ್ ಭಾಷೆಯಲ್ಲಿ ಲೆಕ್ಕಕ್ಕೆ ನಮ್‌ಪೈ ಮತ್ತು ಚಿತ್ರ ಬಿಡಿಸಲು ಮ್ಯಾಟ್‌ಪ್ಲಾಟ್‌ಲಿಬ್ ಬಳಸಲು ಬಂದರೆ ಸದ್ಯಕ್ಕೆ ಸಾಕು. ಲ್ಯಾಪ್‌ಟಾಪ್ ಹಳೆಯದಾಗಿದ್ದರೆ ಗೂಗಲ್ ಕೊಲ್ಯಾಬ್‌ನಲ್ಲಿ ಬ್ರೌಸರಿನಿಂದಲೇ ಕೆಲಸ ಮಾಡಬಹುದು.

ಮೊದಲ ಕೆಲಸವಾಗಿ ಲಾಪಿಕ್ ಅವರ ಕಲ್ಪನೆಯಿಂದ ಬೆಳೆದ ಸರಳ ನರಕೋಶವನ್ನು ಬರೆಯಿರಿ. ವಿಶ್ರಾಂತಿಯ ವೋಲ್ಟೇಜ್ ಮೈನಸ್ 65 ಮಿಲಿವೋಲ್ಟ್, ಸ್ಪೈಕ್ (ನರಕೋಶದ ಕ್ಷಣಿಕ ವಿದ್ಯುತ್ ಮಿಡಿತ) ಹೊಮ್ಮುವ ಮಿತಿ ಮೈನಸ್ 50, ಕೋಶಪೊರೆಯ ರೋಧ 10 ಮೆಗಾಓಮ್, ಕಾಲಸ್ಥಿರಾಂಕ 10 ಮಿಲಿಸೆಕೆಂಡ್ ಎಂದಿಟ್ಟುಕೊಳ್ಳಿ. ಪ್ರತಿ ಸ್ಪೈಕ್ ಆದ ಮೇಲೆ ವೋಲ್ಟೇಜ್ ಮತ್ತೆ ಮೈನಸ್ 65ಕ್ಕೆ ಇಳಿಯಲಿ. 1.4 ನ್ಯಾನೋಆಂಪಿಯರ್ ಕೊಟ್ಟರೆ ವೋಲ್ಟೇಜ್ ಮೈನಸ್ 51ರ ತನಕ ಏರಿ ಅಲ್ಲಿಯೇ ನಿಲ್ಲುತ್ತದೆ, ಒಂದು ಸ್ಪೈಕ್ ಕೂಡ ಬರುವುದಿಲ್ಲ. 1.6 ಕೊಟ್ಟರೆ ಸುಮಾರು 28 ಮಿಲಿಸೆಕೆಂಡಿಗೊಮ್ಮೆ, ಅಂದರೆ ಸೆಕೆಂಡಿಗೆ 36ರಂತೆ ಸ್ಪೈಕ್ ಬರುತ್ತದೆ. 2 ಕೊಟ್ಟರೆ ಅದು 72ಕ್ಕೆ ಏರುತ್ತದೆ. ಇದೇ ಉತ್ತರವನ್ನು ಲಾಗರಿದಮ್ ಇರುವ ಒಂದು ಸೂತ್ರದಿಂದ ಕಾಗದದ ಮೇಲೂ ಪಡೆಯಬಹುದು. ಕಾಗದದ ಉತ್ತರವೂ ಪ್ರೋಗ್ರಾಮಿನ ಉತ್ತರವೂ ಕೂಡಿಬರುವ ತನಕ ಮುಂದಕ್ಕೆ ಹೋಗಬೇಡಿ, ಏಕೆಂದರೆ ಈ ಕ್ಷೇತ್ರದಲ್ಲಿ ಕೆಲಸ ಮಾಡುವವರು ದಿನವೂ ಮಾಡುವುದು ಈ ತಾಳೆಯನ್ನೇ.

ಎರಡನೆಯ ಕೆಲಸಕ್ಕೆ ಹಾಪ್‌ಫೀಲ್ಡ್ ಜಾಲವನ್ನೇ ಆರಿಸಿಕೊಳ್ಳಲು ನಾನು ಹೇಳುತ್ತೇನೆ, ಅದರಲ್ಲೂ ಕನ್ನಡ ಅಕ್ಷರಗಳೊಡನೆ. ಹತ್ತು ಸಾಲು, ಹತ್ತು ಕಂಬದ ಚೌಕದಲ್ಲಿ ಅಕ್ಷರವನ್ನು ಬರೆದರೆ ನೂರು ಮನೆಗಳು, ನೂರು ನರಕೋಶಗಳು. ಕಪ್ಪು ಮನೆಗೆ ಪ್ಲಸ್ ಒಂದು, ಬಿಳಿ ಮನೆಗೆ ಮೈನಸ್ ಒಂದು. ಎಲ್ಲಿ ಬೇಕಾದಲ್ಲಿ ಚೆಲ್ಲಿದ, ಒಂದಕ್ಕೊಂದು ಸಂಬಂಧವಿಲ್ಲದ ಚುಕ್ಕೆಗಳ ವಿನ್ಯಾಸಗಳಾದರೆ ಜಾಲವು ನರಕೋಶಗಳ ಸಂಖ್ಯೆಯ ಸುಮಾರು ಶೇಕಡಾ 14ರಷ್ಟನ್ನು ನೆನಪಿಡಬಲ್ಲದು ಎನ್ನುತ್ತದೆ ಸಿದ್ಧಾಂತ, ಅಂದರೆ ನೂರಕ್ಕೆ ಹದಿನಾಲ್ಕರ ಆಸುಪಾಸು. ಆದರೆ ದ, ಧ, ಥ ಮೂರನ್ನೂ ಒಟ್ಟಿಗೆ ಕಲಿಸಿ ನೋಡಿ. ಒಂದು ಚುಕ್ಕೆ, ಒಂದು ಸೀಳು ಮಾತ್ರವೇ ಬೇರೆಯಾಗಿರುವ ಈ ಮೂವರನ್ನು ಜಾಲವು ಕಲಸಿ, ಮೂರಕ್ಕೂ ಹತ್ತಿರವಾದ ಯಾವುದೋ ಒಂದು ಆಕಾರವನ್ನು ನಿಮ್ಮ ಮುಂದಿಡುತ್ತದೆ. ಪ ಮತ್ತು ಹೊಟ್ಟೆ ಸೀಳಿದ ಷ ಕೂಡ ಇದೇ ತೊಂದರೆ ಕೊಡುತ್ತವೆ. ಒಂದನೆಯ ತರಗತಿಯ ಮಕ್ಕಳೂ ಎಡವುವುದು ಇಲ್ಲಿಯೇ. ಏಕೆ ಹೀಗಾಯಿತು, ಎಲ್ಲ ಅಕ್ಷರಗಳಿಗೂ ಸಾಮಾನ್ಯವಾದ ಬಿಳಿ ಹಿನ್ನೆಲೆಯನ್ನು ಸರಾಸರಿಯಾಗಿ ಕಳೆದು ಕಲಿಸಿದರೆ ಎಷ್ಟು ಸುಧಾರಿಸುತ್ತದೆ, ಯಾವ ಜೋಡಿ ಆಗಲೂ ಬಿಡಿಸಿಕೊಳ್ಳುವುದಿಲ್ಲ ಎಂದು ಅಳೆಯತೊಡಗಿದಾಗ ನೀವು ಪಠ್ಯದ ಅಭ್ಯಾಸವನ್ನು ದಾಟಿ ಸಂಶೋಧನೆಯ ಪ್ರಶ್ನೆಯೊಂದರೊಳಗೆ ಕಾಲಿಟ್ಟಿರುತ್ತೀರಿ. ಎರಡು ಪುಟದ ಟಿಪ್ಪಣಿ, ನಾಲ್ಕು ಚಿತ್ರ, ಪ್ರೋಗ್ರಾಮಿನ ಕಡತ ಇಷ್ಟನ್ನೂ ಗಿಟ್‌ಹಬ್‌ನಲ್ಲಿಡಿ.

ಇನ್ನು ಎಲ್ಲಿಗೆ ಅರ್ಜಿ ಹಾಕಬೇಕೆಂಬ ವಿಚಾರ. ದೇಶದ ಮೂರು ವಿಜ್ಞಾನ ಅಕಾಡೆಮಿಗಳು ಸೇರಿ ನಡೆಸುವ ಬೇಸಿಗೆ ಸಂಶೋಧನಾ ಫೆಲೋಶಿಪ್ ಎರಡು ತಿಂಗಳಿನದು. ಅದರ ಅರ್ಜಿ ಹಿಂದಿನ ವರ್ಷದ ಕೊನೆಯ ತಿಂಗಳುಗಳಲ್ಲಿಯೇ ಮುಗಿದುಹೋಗುವುದರಿಂದ ದಸರಾ ರಜೆಯಲ್ಲಿಯೇ ವಿಚಾರಿಸಿಕೊಳ್ಳಿ. ಬೆಂಗಳೂರಿನ ಜವಾಹರಲಾಲ್ ನೆಹರೂ ಕೇಂದ್ರ ಮತ್ತು ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಗಳಲ್ಲಿಯೂ ಬೇಸಿಗೆ ಕಾರ್ಯಕ್ರಮಗಳಿವೆ. ಭಾರತೀಯ ವಿಜ್ಞಾನ ಸಂಸ್ಥೆಯ ನರವಿಜ್ಞಾನ ಕೇಂದ್ರ, ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರ, ಮದ್ರಾಸಿನ ಐಐಟಿ ಇಲ್ಲೆಲ್ಲ ಮೆದುಳಿನ ಮಾದರಿಗಳ ಮೇಲೆ ಕೆಲಸ ಮಾಡುವ ಪ್ರಾಧ್ಯಾಪಕರಿದ್ದು, ಅವರಿಗೆ ನೇರವಾಗಿ ಬರೆಯಬಹುದು. ಮನೆ ಬಿಟ್ಟು ಹೋಗಲಾಗದವರಿಗೆ ನ್ಯೂರೋಮ್ಯಾಚ್ ಅಕಾಡೆಮಿ ಇದೆ. 2020ರಲ್ಲಿ ಆರಂಭವಾದ ಈ ಆನ್‌ಲೈನ್ ಬೇಸಿಗೆ ಶಾಲೆಯಲ್ಲಿ ಗಣಕ ನರವಿಜ್ಞಾನವನ್ನೂ ಡೀಪ್ ಲರ್ನಿಂಗನ್ನೂ ಮೂರು ಮೂರು ವಾರ ಸಣ್ಣ ಗುಂಪುಗಳಲ್ಲಿ ಕಲಿಸುತ್ತಾರೆ. ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯಕ್ಕೆ ಸೇರಿದ ಕಾಲೇಜಿನವರು ಒಂದನ್ನು ಮರೆಯಬಾರದು: ನಮ್ಮ ಸಮ ಸೆಮಿಸ್ಟರಿನ ಪರೀಕ್ಷೆಗಳು ಜೂನ್-ಜುಲೈವರೆಗೂ ಎಳೆಯುತ್ತವೆ, ಬೇಸಿಗೆ ಕಾರ್ಯಕ್ರಮಗಳೋ ಹೆಚ್ಚಾಗಿ ಮೇ ತಿಂಗಳಲ್ಲಿಯೇ ಶುರುವಾಗುತ್ತವೆ. ನೀವು ಬರಬಹುದಾದ ದಿನಗಳನ್ನು ಮೊದಲ ಪತ್ರದಲ್ಲಿಯೇ ಸ್ಪಷ್ಟವಾಗಿ ತಿಳಿಸಿ.

ಪತ್ರದ ವಿಚಾರದಲ್ಲಿ ನನಗೆ ತುಸು ಹಠವಿದೆ. ಒಂದೇ ಪತ್ರವನ್ನು ಐವತ್ತು ಪ್ರಾಧ್ಯಾಪಕರಿಗೆ ಕಳಿಸುವುದು ನಿಮ್ಮ ಸಮಯಕ್ಕೂ ಅವರ ಸಮಯಕ್ಕೂ ಮಾಡುವ ಅನ್ಯಾಯ. ಮೂವರನ್ನು ಆರಿಸಿ, ಪ್ರತಿಯೊಬ್ಬರ ಒಂದು ಪ್ರಬಂಧವನ್ನು ಚಿತ್ರಗಳಿಂದ ಆರಂಭಿಸಿ ನಿಧಾನವಾಗಿ ಓದಿ. ಬಯೋಆರ್ಕೈವ್ ಮತ್ತು ಆರ್ಕೈವ್ ತಾಣಗಳಲ್ಲಿ ಬಹಳಷ್ಟು ಪ್ರಬಂಧಗಳು ಉಚಿತವಾಗಿ ದೊರೆಯುತ್ತವೆ. ಬಳಿಕ ನೀವು ಯಾರು, ಏನು ಮಾಡಿ ನೋಡಿದ್ದೀರಿ, ಅವರ ಯಾವ ಚಿತ್ರ ನಿಮ್ಮಲ್ಲಿ ಯಾವ ಪ್ರಶ್ನೆ ಎಬ್ಬಿಸಿತು, ಯಾವ ದಿನಗಳಲ್ಲಿ ಬರಬಲ್ಲಿರಿ ಎಂಬುದನ್ನು ಹತ್ತು ಸಾಲಿನೊಳಗೆ ಬರೆಯಿರಿ. "ಮೆದುಳಿನ ಬಗ್ಗೆ ಅಪಾರ ಆಸಕ್ತಿ ಇದೆ" ಎಂಬ ವಾಕ್ಯಕ್ಕಿಂತ "ನನ್ನ ಜಾಲವು ದ ಮತ್ತು ಧ ಗಳನ್ನು ಕಲಸಿತು, ನಿಮ್ಮ ಮಾದರಿಯಲ್ಲಿ ಹೋಲುವ ನೆನಪುಗಳು ಹೇಗೆ ಬೇರೆಯಾಗಿ ಉಳಿಯುತ್ತವೆ?" ಎಂಬ ವಾಕ್ಯ ನಿಮ್ಮನ್ನು ಹೆಚ್ಚು ಪರಿಚಯಿಸುತ್ತದೆ. ಎರಡು ವಾರ ಉತ್ತರ ಬರದಿದ್ದರೆ ಒಮ್ಮೆ ವಿನಯದಿಂದ ನೆನಪಿಸಿ, ಆಮೇಲೆ ಮುಂದಿನವರಿಗೆ ಬರೆಯಿರಿ. ಶಿಫಾರಸು ಪತ್ರಕ್ಕೆ ನಿಮ್ಮ ಟಿಪ್ಪಣಿಯನ್ನು ಓದಿರುವ ಗುರುಗಳನ್ನೇ ಕೇಳಿ, ಕೊನೆಯ ದಿನಕ್ಕೆ ಮೂರು ವಾರ ಮೊದಲು.

ಹಣ ಕೇಳುವ ಕಡೆ ಹುಷಾರಾಗಿರಿ. ನನ್ನ ವಿದ್ಯಾರ್ಥಿನಿಯೊಬ್ಬಳು ಕೃತಕ ಬುದ್ಧಿಮತ್ತೆಯ ಇಂಟರ್ನ್‌ಶಿಪ್ ಎಂಬ ಹೆಸರಿಗೆ ಮರುಳಾಗಿ ಒಂದು ಸಂಸ್ಥೆಗೆ ಹಣ ಕಟ್ಟಿದಳು. ಅವಳಿಗೆ ದಕ್ಕಿದ್ದು ಒಂದಷ್ಟು ವಿಡಿಯೋಗಳು ಮತ್ತು ಒಂದು ಪ್ರಮಾಣಪತ್ರ. ಮಾರ್ಗದರ್ಶಕರ ಹೆಸರಾಗಲಿ ಅವರ ಪ್ರಬಂಧಗಳಾಗಲಿ ಕಾಣದ ಕಡೆ ಸಂಶೋಧನೆ ನಡೆಯುವುದಿಲ್ಲ.

ಆಯ್ಕೆಯಾಗಿ ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್ಸೋ ಗೋಲಗುಂಬಜ್ ಎಕ್ಸ್‌ಪ್ರೆಸ್ಸೋ ಹತ್ತಿ ಬೆಂಗಳೂರಿಗೆ ಹೋದವರು ಮೊದಲ ವಾರದಲ್ಲಿಯೇ, ಮಾರ್ಗದರ್ಶಕರು ಪ್ರಕಟಿಸಿದ ಒಂದು ಚಿತ್ರವನ್ನು ತಾವೇ ಮತ್ತೆ ಮಾಡಿ ನೋಡುವುದು ಒಳ್ಳೆಯದು. ದಿನಾಂಕ ಹಾಕಿದ ನೋಟ್‌ಬುಕ್ಕಿನಲ್ಲಿ ಪ್ರತಿ ಪ್ರಯೋಗದ ಅಳತೆಗಳನ್ನೂ ರ‍್ಯಾಂಡಮ್ ಸೀಡ್ ಸಂಖ್ಯೆಯನ್ನೂ (ಅವೇ ಯಾದೃಚ್ಛಿಕ ಸಂಖ್ಯೆಗಳನ್ನು ಮತ್ತೆ ಪಡೆಯಲು ಪ್ರೋಗ್ರಾಮಿಗೆ ಕೊಡುವ ಆರಂಭದ ಸಂಖ್ಯೆ) ಬರೆದಿಡಿ. ಮಿಲಿಸೆಕೆಂಡ್ ಮತ್ತು ಸೆಕೆಂಡುಗಳ ಗೊಂದಲವೇ ಎಷ್ಟೋ ವಾರಗಳನ್ನು ನುಂಗಿದೆ. ಸಿಕ್ಕಿಕೊಂಡರೆ ಎರಡು ದಿನಕ್ಕಿಂತ ಹೆಚ್ಚು ಸುಮ್ಮನಿರಬೇಡಿ. ಕನ್ನಡ ಮಾಧ್ಯಮದಿಂದ ಬಂದವರು ಸಭೆಯಲ್ಲಿ ಇಂಗ್ಲಿಷಿಗೆ ಅಂಜಿ ಪ್ರಶ್ನೆಯನ್ನೇ ನುಂಗುವುದನ್ನು ಕಂಡು ನನಗೆ ನೋವಾಗಿದೆ. ಮೊದಲೇ ಚೀಟಿಯಲ್ಲಿ ಬರೆದುಕೊಂಡು ಓದಿ ಕೇಳಿ, ಯಾರೂ ತಪ್ಪು ತಿಳಿಯುವುದಿಲ್ಲ. ಕೊನೆಯ ವಾರವನ್ನು ಹೊಸ ಫಲಿತಾಂಶಕ್ಕೆ ಬಳಸದೆ ಕಡತಗಳನ್ನು ಒಪ್ಪವಾಗಿಡಲು ಬಳಸಿ. ಮುಂದಿನ ವರ್ಷ ಅದೇ ಕುರ್ಚಿಗೆ ಬರುವ ವಿದ್ಯಾರ್ಥಿ ನಿಮಗೆ ಫೋನ್ ಮಾಡದೆಯೇ ನಿಮ್ಮ ಮೊದಲ ಚಿತ್ರವನ್ನು ಮತ್ತೆ ಪಡೆಯುವಂತಾದ ಮೇಲೆ ವರದಿ ಬರೆಯಲು ಕುಳಿತುಕೊಳ್ಳಿ.