ಬಿಸಿಲೂರಿಗೆ ಹೊರಡುವ ಮುನ್ನ

ಮೇ ತಿಂಗಳಲ್ಲಿ ಹಂಪಿಗೆ ಹೋಗಿಬಂದ ನನ್ನ ಮೊಮ್ಮಗಳು ಎರಡು ದಿನ ಹಾಸಿಗೆ ಬಿಟ್ಟು ಏಳಲಿಲ್ಲ. ಜೊತೆಗೆ ಹೋದ ಗೆಳತಿಯರದ್ದೂ ಅದೇ ಪಾಡಂತೆ. ಅವಳ ಚೀಲ ಬಿಚ್ಚಿ ನೋಡಿದೆ. ಮೈಗೆ ಅಂಟುವ ಪಾಲಿಯೆಸ್ಟರ್ ಅಂಗಿಗಳು, ಮೂರು ಬಗೆಯ ಕ್ರೀಮು, ತಿಂದುಳಿದ ಚಿಪ್ಸ್ ಪೊಟ್ಟಣ. ಒಂದು ಹತ್ತಿಯ ಟವೆಲ್ ಇಲ್ಲ, ಒಂದು ನಿಂಬೆಹಣ್ಣಿಲ್ಲ. ನಿಧಾನವಾಗಿ ತಿಂಡಿ ಮುಗಿಸಿ ಹನ್ನೊಂದು ಗಂಟೆಗೆ ವಿಠ್ಠಲ ದೇವಸ್ಥಾನಕ್ಕೆ ಹೊರಟರಂತೆ! ಆ ಊರಿನಲ್ಲಿ ಬಿಸಿಲು ಆಕಾಶದಿಂದ ಮಾತ್ರ ಬರುವುದಿಲ್ಲ, ಬಂಡೆಯಿಂದಲೂ ಬರುತ್ತದೆ. ಹೊತ್ತು ಮುಳುಗಿದ ಮೇಲೂ ಬಂಡೆಗೆ ಬೆನ್ನು ಕೊಟ್ಟು ಕೂತು ನೋಡಿ, ಗೊತ್ತಾಗುತ್ತದೆ.

ನಾನು ತೀರ್ಥಹಳ್ಳಿ ಕಡೆಯಿಂದ ರಾಯಚೂರಿಗೆ ಸೊಸೆಯಾಗಿ ಹೋದವಳು. ಅಲ್ಲಿ ಏಪ್ರಿಲ್‌, ಮೇ ತಿಂಗಳಲ್ಲಿ 40 ಡಿಗ್ರಿ ದಾಟುವುದು ಯಾರಿಗೂ ಸುದ್ದಿಯಲ್ಲ. ಆ ಎರಡು ತಿಂಗಳು ಕಲಬುರಗಿ ವಿಭಾಗದ ಸರ್ಕಾರಿ ಕಚೇರಿಗಳೇ ಬೆಳಗ್ಗೆ 8ಕ್ಕೆ ಶುರುವಾಗಿ ಮಧ್ಯಾಹ್ನ 1.30ಕ್ಕೆ ಮುಗಿಯುತ್ತವೆ. ಕಚೇರಿಗೇ ಇರುವ ಬುದ್ಧಿ ಪ್ರವಾಸಕ್ಕೆ ಬಂದವರಿಗೆ ಬೇಡವೇ? ಕತ್ತಲಿರುವಾಗಲೇ ಏಳಿ, ಮತಂಗ ಬೆಟ್ಟದ ಮೇಲೆ ಸೂರ್ಯೋದಯ ನೋಡಿ, ಹತ್ತರ ಒಳಗೆ ನೆರಳು ಸೇರಿ. ಮತ್ತೆ ಹೊರಬೀಳುವುದು ನಾಲ್ಕರ ಮೇಲೆ.

ಬಟ್ಟೆಯ ವಿಷಯಕ್ಕೆ ಬಂದರೆ, ಪ್ರವಾಸಕ್ಕೆಂದು ಹೊಸದು ಕೊಳ್ಳಬೇಡಿ. ಹೊಸ ಹತ್ತಿಬಟ್ಟೆಯಲ್ಲಿ ಗಂಜಿ ಇರುತ್ತದೆ, ಬೆವರು ಹೀರುವುದಿಲ್ಲ. ಹತ್ತಾರು ಸಲ ಒಗೆದು ಮೆತ್ತಗಾದದ್ದೇ ಬೇಕು. ವಿರೂಪಾಕ್ಷ ದೇವಸ್ಥಾನದಲ್ಲಿ ಚಪ್ಪಲಿ ಬಿಡಬೇಕಲ್ಲ, ಅದಕ್ಕೆ ದಪ್ಪನೆಯ ಕಾಲುಚೀಲ ಇಟ್ಟುಕೊಳ್ಳಿ. ಅಂಗಳದ ಕಲ್ಲಿನ ಮೇಲೆ ಮಕ್ಕಳು ಕುಣಿಯುವುದನ್ನು ನೋಡಲಾಗುವುದಿಲ್ಲ.

ಇನ್ನು ನೀರು. ಪ್ಲಾಸ್ಟಿಕ್ ಬಾಟಲಿಯ ನೀರು ಒಂದು ತಾಸಿನಲ್ಲಿ ಸ್ನಾನದ ನೀರಾಗುತ್ತದೆ, ಆಮೇಲೆ ಕುಡಿಯಲು ಮನಸ್ಸು ಬಾರದೆ ಒಣಗಿ ಕೂರುತ್ತೀರಿ. ನಮ್ಮ ಅತ್ತೆ ಕಲಿಸಿದ್ದು ಇದು: ಒಂದೇ ಪದರದ ಸ್ಟೀಲ್ ಬಾಟಲಿ ತೆಗೆದುಕೊಳ್ಳಿ. ಎರಡು ಗೋಡೆಯ ಫ್ಲಾಸ್ಕಿಗೆ ಇದು ನಡೆಯುವುದಿಲ್ಲ, ಹೊರಗಿನ ತಂಪು ಒಳಗೆ ಇಳಿಯುವುದೇ ಇಲ್ಲ. ಮನೆಯಲ್ಲಿ ಸವೆದ ಹಳೆಯ ಪಂಚೆ ಇರುತ್ತದೆ. ಅದನ್ನು ಮೂರು ಪದರ ಮಡಚಿ ಬಾಟಲಿಗೆ ಚೀಲದಂತೆ ಹೊಲಿಯಿರಿ. ಕೈಹೊಲಿಗೆಯೇ ಸಾಕು, ಆದರೆ ಸಡಿಲ ಇರಕೂಡದು. ತೊಟ್ಟಿಲ ಮಗುವಿಗೆ ಬಟ್ಟೆ ಸುತ್ತಿದ ಹಾಗೆ ಮೈಗೆ ಹತ್ತಿಕೊಂಡಿರಬೇಕು. ನಡುವೆ ಗಾಳಿ ಸೇರಿದರೆ ಕೆಲಸ ಕೆಟ್ಟಿತು. ತಳಕ್ಕೂ ಬಟ್ಟೆ ಬರಲಿ, ಬಾಯಿಯ ಹತ್ತಿರ ಮಾತ್ರ ಎರಡು ಬೆರಳಿನಷ್ಟು ಬಿಡಿ, ಇಲ್ಲದಿದ್ದರೆ ಕುಡಿಯುವಾಗ ಬಟ್ಟೆಯ ನೀರು ಬಾಯಿಗೆ ಬರುತ್ತದೆ. ಹೊಲಿದ ಚೀಲವನ್ನು ರಾತ್ರಿಯಿಡೀ ನೀರಿನಲ್ಲಿ ನೆನೆಸಿಡಿ. ಬೆಳಗ್ಗೆ ಹಿಂಡಬೇಡಿ, ತೊಟ್ಟಿಕ್ಕುವುದು ನಿಲ್ಲುವವರೆಗೆ ಸುಮ್ಮನೆ ತೂಗುಹಾಕಿ. ಬಾಟಲಿಗೆ ಹಾಕಿದ ಮೇಲೆ ಬ್ಯಾಗಿನೊಳಗೆ ತುರುಕಬೇಡಿ! ಎಲ್ಲರೂ ತಪ್ಪುವುದು ಇಲ್ಲೇ. ನೀರು ಆರುವಾಗ ಬಾಟಲಿಯ ಬಿಸಿಯನ್ನು ಎಳೆದುಕೊಂಡು ಹೋಗುತ್ತದೆ, ಆರುವುದಕ್ಕೆ ಗಾಳಿ ಬೇಕು. ನೆರಳಿನಲ್ಲಿ, ಗಾಳಿಗೆ ತೂಗಲಿ. ಬಟ್ಟೆ ಬೆಳ್ಳಗಾಗತೊಡಗಿದಾಗ ಮತ್ತೆ ಒಂದು ಬೊಗಸೆ ನೀರು ಚಿಮುಕಿಸಿ. ಮಣ್ಣಿನ ಹೂಜಿಯ ಗುಟ್ಟೂ ಇದೇ. ಆಗಿನ ಲಾರಿಗಳ ಮುಂದೆ ಕ್ಯಾನ್ವಾಸ್ ನೀರಿನ ಚೀಲ ತೂಗುತ್ತಿತ್ತು. ಒಮ್ಮೆ ನಮ್ಮ ಬಸ್ಸು ಕೆಟ್ಟು ನಿಂತಾಗ ಲಾರಿಯವನೊಬ್ಬ ಅದರಿಂದ ಬೊಗಸೆಗೆ ಸುರಿದ ನೀರಿನ ತಂಪು ಇನ್ನೂ ಕೈಯಲ್ಲಿದೆ.

ಆದರೆ ಇದೇ ಬಾಟಲಿ ಹಿಡಿದು ಮಂಗಳೂರಿಗೋ ಉಡುಪಿಗೋ ಹೋಗಿ ನನ್ನನ್ನು ಬೈಯಬೇಡಿ. ಕರಾವಳಿಯ ಗಾಳಿಯಲ್ಲೇ ನೀರಿರುತ್ತದೆ, ಬಟ್ಟೆ ಆರುವುದೆಲ್ಲಿಂದ? ಅಲ್ಲಿ ಎಳನೀರೇ ಗತಿ.

ಚೀಲ ಒಗೆಯುವಾಗ ಯಂತ್ರಕ್ಕೆ ಬಟ್ಟೆ ಮೆತ್ತಗಾಗಲೆಂದು ಹಾಕುವ ಆ ಘಮಘಮ ದ್ರವ (ಫ್ಯಾಬ್ರಿಕ್ ಸಾಫ್ಟನರ್) ಸುರಿಯಬೇಡಿ. ನನ್ನ ಸೊಸೆ ಎಲ್ಲ ಟವೆಲ್‌ಗಳಿಗೂ ಅದನ್ನೇ ಹಾಕುತ್ತಾಳೆ, ಮೈ ಒರೆಸಿದರೆ ನೀರು ಜಾರುತ್ತದೆಯೇ ಹೊರತು ಹೀರುವುದಿಲ್ಲ. ಟವೆಲ್‌ಗೆ ಸೋಪು, ಬಿಸಿಲು ಇಷ್ಟೇ ಸಾಕು. ಎಷ್ಟು ಸಲ ಹೇಳುವುದು!

ನಾನು ಅಡುಗೆಯಲ್ಲಿ ಅಳತೆ ಹಿಡಿದವಳಲ್ಲ. ಮಜ್ಜಿಗೆಗೆ ಉಪ್ಪು, ಶುಂಠಿ, ಕರಿಬೇವು ಎಷ್ಟೆಂದು ನಾಲಿಗೆಯೇ ಹೇಳುತ್ತದೆ. ಭೇದಿಯಾಗಿ ಮೈಯ ನೀರು ಬತ್ತಿದವರಿಗೆ ಕುಡಿಸುವಾಗ ಮಾತ್ರ ಅಂದಾಜು ಬೇಡ: ಒಂದು ಲೀಟರ್ ಶುದ್ಧ ನೀರಿಗೆ ಮಟ್ಟಸವಾಗಿ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಬೆವರು ನಿಂತು ಮೈ ಸುಡತೊಡಗಿದರೆ, ಮಾತು ತೊದಲಿದರೆ ಮನೆಮದ್ದು ಮಾಡುತ್ತಾ ಕೂರಬೇಡಿ. ನೆರಳಿಗೆ ಒಯ್ದು ಮೈಗೆ ನೀರು ಹಾಕುತ್ತಲೇ ಆಸ್ಪತ್ರೆಗೆ ಕರೆದೊಯ್ಯಿರಿ.

ಮೊಮ್ಮಗಳು ಬರುವ ವಾರ ಬಾದಾಮಿಗೆ ಹೊರಟಿದ್ದಾಳೆ. ಅವಳ ತಾತನ ಪಂಚೆಯಲ್ಲಿ ಎರಡು ಚೀಲ ಹೊಲಿದು ಬಕೆಟ್ಟಿನಲ್ಲಿ ನೆನೆಹಾಕಿದ್ದೇನೆ.