ಎಎಸಿ ಬ್ಲಾಕಿಗೆ ಚೀಲದ ಗಾರೆ: ನಾವು ಕಟ್ಟುವ ಕ್ರಮ

ಎಎಸಿ ಬ್ಲಾಕ್ (ಒಳಗೆಲ್ಲ ಸಣ್ಣ ಗಾಳಿಗುಳ್ಳೆ ಇರುವ ಹಗುರ ಸಿಮೆಂಟ್ ಬ್ಲಾಕ್) ಗೋಡೆಗೆ ಸೈಟಿನಲ್ಲೇ ಸಿಮೆಂಟು, ಎಂ-ಸ್ಯಾಂಡ್ (ಕಲ್ಲು ಪುಡಿಮಾಡಿದ ಮರಳು) ಕಲಸಿ ಹಾಕುವುದನ್ನು ನಾವು ಬಿಟ್ಟಿದ್ದೇವೆ. ಈ ಬ್ಲಾಕು ವಿಪರೀತ ನೀರು ಎಳೆಯುತ್ತದೆ. 1:6 ಗಾರೆ (ಒಂದು ಪಾಲು ಸಿಮೆಂಟಿಗೆ ಆರು ಪಾಲು ಮರಳು) ಹಾಕಿದರೆ ಸಿಮೆಂಟು ಗಟ್ಟಿಯಾಗಲು ಬೇಕಾದ ನೀರನ್ನೂ ಕುಡಿದುಬಿಡುತ್ತದೆ. ವಾರದ ಮೇಲೆ ಸಂದನ್ನು ಮೊಳೆಯಿಂದ ಕೆರೆದು ನೋಡಿ, ಪುಡಿಪುಡಿಯಾಗಿ ಉದುರುತ್ತದೆ. ಚೀಲದಲ್ಲಿ ಬರುವ ಬ್ಲಾಕ್ ಜಾಯಿಂಟಿಂಗ್ ಮಾರ್ಟರಿನಲ್ಲಿ ಸಿಮೆಂಟು, ನಯವಾದ ಮರಳಿನ ಜೊತೆ ನೀರು ಹಿಡಿದಿಡುವ ಪಾಲಿಮರ್ ಇರುತ್ತದೆ. ಹಾಗಾಗಿ 3 ಮಿ.ಮೀ. ಸಂದಿನಲ್ಲೂ ಅದು ಸರಿಯಾಗಿ ಗಟ್ಟಿಯಾಗುತ್ತದೆ, ದಿನವೂ ಗೋಡೆಗೆ ನೀರು ಹಾಕುವ ಕೆಲಸವೂ ಇಲ್ಲ.

ಚೀಲದ ಬೆಲೆ ನೋಡಿ ಹಿಂಜರಿಯುವವರು ಅಳತೆಯನ್ನೂ ನೋಡಬೇಕು. 600×200 ಮಿ.ಮೀ. ಬ್ಲಾಕಿನ 200 ಮಿ.ಮೀ. ದಪ್ಪದ ಗೋಡೆಗೆ 12 ಮಿ.ಮೀ. ಸಂದು ಬಿಟ್ಟರೆ ಚದರ ಮೀಟರಿಗೆ ಸುಮಾರು 15 ಲೀಟರ್ ಗಾರೆ ಬೇಕು. 3 ಮಿ.ಮೀ. ಸಂದಿಗೆ 4 ಲೀಟರ್ ಸಾಕು, ಅಂದರೆ ಸುಮಾರು 6 ಕೆ.ಜಿ. ಪುಡಿ. ಚೆಲ್ಲಿ ಹಾಳಾಗುವುದೂ ಸೇರಿ 10 ಚದರ ಮೀಟರಿಗೆ 40 ಕೆ.ಜಿ.ಯ 2 ಚೀಲ ಹಿಡಿಯುತ್ತೇವೆ.

ಎಲ್ಲಕ್ಕಿಂತ ಹೆಚ್ಚು ಹೊತ್ತು ಕೊಡಬೇಕಾದದ್ದು ಮೊದಲ ವರಸೆಗೆ, ಅಂದರೆ ಅಡಿಯ ಸಾಲು ಬ್ಲಾಕಿಗೆ. ಸ್ಲ್ಯಾಬು ಎಲ್ಲೂ ಒಂದೇ ಮಟ್ಟ ಇರುವುದಿಲ್ಲ, ತೆಳು ಗಾರೆ ಆ ಏರುತಗ್ಗು ತುಂಬುವುದೂ ಇಲ್ಲ. ಆದ್ದರಿಂದ ಈ ಒಂದು ವರಸೆಯನ್ನು ಮಾತ್ರ 1:4 ಸಿಮೆಂಟ್ ಗಾರೆಯ ಮೇಲೆ ಕೂರಿಸಿ, ದಾರ ಎಳೆದು, ಪ್ರತಿ ಬ್ಲಾಕಿಗೂ ಉದ್ದಕ್ಕೆ, ಅಡ್ಡಕ್ಕೆ ರಸಮಟ್ಟ ಇಟ್ಟು ನೋಡುತ್ತೇವೆ. ಇದು ಒಂದು ರಾತ್ರಿ ಗಟ್ಟಿಯಾದ ಮೇಲೇ ಮುಂದಿನದು. ಇಲ್ಲಿ 5 ಮಿ.ಮೀ. ತಪ್ಪಿದರೆ ಮೇಲೆ 3 ಮಿ.ಮೀ. ಸಂದಿನಲ್ಲಿ ಸರಿಮಾಡಲು ಜಾಗವೇ ಸಿಗುವುದಿಲ್ಲ. ಆಗ ಮೇಸ್ತ್ರಿ ಸಂದು ದಪ್ಪ ಮಾಡುತ್ತಾನೆ, ಚೀಲದ ಲೆಕ್ಕ ಎರಡರಷ್ಟಾಗುತ್ತದೆ.

ಕಲಸುವಾಗ ಬಕೆಟ್ಟಿಗೆ ನೀರು ಮೊದಲು, ಪುಡಿ ಆಮೇಲೆ. ತಿರುವುಮುರುವಾದರೆ ತಳದಲ್ಲಿ ಒಣ ಉಂಡೆ ಉಳಿಯುತ್ತದೆ. ಅರ್ಧ ಚೀಲಕ್ಕೆ 5ರಿಂದ 6 ಲೀಟರ್ ನೀರು. ಚೀಲದ ಮೇಲೆ ಬೇರೆ ಅಳತೆ ಬರೆದಿದ್ದರೆ ಅದೇ ಸರಿ. ಡ್ರಿಲ್ಲಿಗೆ ಪ್ಯಾಡಲ್ ಹಾಕಿ ನಿಧಾನವಾಗಿ ತಿರುಗಿಸಿ, 5 ನಿಮಿಷ ಬಿಟ್ಟು, ಮತ್ತೊಮ್ಮೆ ತಿರುಗಿಸಿ. ಹಲ್ಲುಕರಣೆಯಲ್ಲಿ (ಅಂಚಿಗೆ ಹಲ್ಲುಗಳಿರುವ ಕರಣೆ) ಎಳೆದಾಗ ಗೆರೆಗಳು ಕುಸಿಯದೆ ನಿಂತರೆ ಹದ ಸರಿ. ಗೆರೆ ಹರಿದು ಸೇರಿಕೊಂಡರೆ ನೀರು ಜಾಸ್ತಿ. ಬಕೆಟ್ಟಿನಲ್ಲಿ ಬಿಗಿಯಾಗತೊಡಗಿದ ಗಾರೆಗೆ ಮತ್ತೆ ನೀರು ಬೆರೆಸಬಾರದು, ಎಸೆಯಬೇಕು. ಬಿಸಿಲಿನಲ್ಲಿ ಅದು ಬೇಗ ಬಿಗಿಯುತ್ತದೆ, ಅದಕ್ಕೇ ಅರ್ಧರ್ಧ ಚೀಲ ಕಲಸುವುದು.

ಬ್ಲಾಕನ್ನು ನೀರಿನಲ್ಲಿ ನೆನೆಸಬೇಡಿ. ನೆಂದ ಬ್ಲಾಕು ಗೋಡೆಯಲ್ಲಿ ಒಣಗುತ್ತಾ ಕುಗ್ಗಿ, ಪ್ಲಾಸ್ಟರಿನ ಮೇಲೆ ಬಿರುಕು ತೋರಿಸುತ್ತದೆ. ಒದ್ದೆ ಬ್ರಷ್ಷಿನಿಂದ ಧೂಳು ಒರೆಸಿದರೆ ಸಾಕು. ಧೂಳು ಉಳಿದರೆ ಗಾರೆ ಧೂಳಿಗೆ ಅಂಟುತ್ತದೆ, ಬ್ಲಾಕಿಗಲ್ಲ. ಒಮ್ಮೆಗೆ ಎರಡು ಮೂರು ಬ್ಲಾಕಿನಷ್ಟು ಉದ್ದಕ್ಕೆ ಮಾತ್ರ ಗಾರೆ ಎಳೆದು, ಬ್ಲಾಕಿಟ್ಟು ರಬ್ಬರ್ ಸುತ್ತಿಗೆಯಿಂದ ತಟ್ಟುತ್ತೇವೆ. ಆಗಾಗ ಒಂದು ಬ್ಲಾಕನ್ನು ಕೂಡಲೇ ಎತ್ತಿ ಅಡಿ ನೋಡಬೇಕು. ಗೆರೆಗಳೆಲ್ಲ ಚಪ್ಪಟೆಯಾಗಿ ಪೂರ್ತಿ ಹರಡಿದ್ದರೆ ಕೂತಿದೆ. ಗೆರೆ ಗೆರೆಯಾಗೇ ಉಳಿದಿದ್ದರೆ ಗಾರೆ ಮೇಲೆ ತೊಗಟೆ ಕಟ್ಟಿದೆ, ಕೆರೆದು ಹೊಸದು ಹಾಕಿ. ಹತ್ತು ನಿಮಿಷ ಕಳೆದ ಬ್ಲಾಕನ್ನು ಸುತ್ತಿಗೆಯಿಂದ ಸರಿಸಿದರೆ ಹಿಡಿದ ಬಂಧ ಬಿಡುತ್ತದೆ, ಹೊರಗೆ ಏನೂ ಕಾಣುವುದಿಲ್ಲ.

ಕೆಲಸಗಾರರು ಹೆಚ್ಚಾಗಿ ಬಿಡುವುದು ಅಕ್ಕಪಕ್ಕದ ಬ್ಲಾಕುಗಳ ನಡುವಿನ ನಿಂತ ಸಂದನ್ನು. ಬ್ಲಾಕುಗಳನ್ನು ಬರಿದೇ ಒತ್ತಿಟ್ಟು, ಹೊರಬಾಯಿಗೆ ಗಾರೆ ಸವರುತ್ತಾರೆ. ಹೊರಗೋಡೆಯಲ್ಲಿ ಮಳೆನೀರು ಅಲ್ಲಿಂದಲೇ ಒಳಬರುತ್ತದೆ. ಬ್ಲಾಕಿನ ತಲೆಗೂ (ಪಕ್ಕದ ಬ್ಲಾಕಿಗೆ ತಾಗುವ ತುದಿ) ಪೂರ್ತಿ ಗಾರೆ ಎಳೆದೇ ಜೋಡಿಸಬೇಕು.

ಸುಟ್ಟ ಇಟ್ಟಿಗೆಗೆ ಈ ಗಾರೆ ತರಬೇಡಿ. ಇಟ್ಟಿಗೆಯ ಅಳತೆಯೇ ಹೆಚ್ಚು ಕಡಿಮೆ ಇರುವಾಗ 3 ಮಿ.ಮೀ. ಸಂದು ಸಾಧ್ಯವಿಲ್ಲ, ಅದಕ್ಕೆ 10 ಮಿ.ಮೀ. ಸಂದಿನ ಬೇರೆ ರೆಡಿಮಿಕ್ಸ್ ಸಿಗುತ್ತದೆ, ಅಂಗಡಿಯಲ್ಲಿ ಕೇಳಿ ತನ್ನಿ. ಚೀಲಗಳನ್ನು ಹಲಗೆಯ ಮೇಲೆ ಒಟ್ಟಿ, ಟಾರ್ಪಾಲು ಮುಚ್ಚಿ. ಒಳಗೆ ಬೆರಳಲ್ಲಿ ಪುಡಿಯಾಗದ ಉಂಡೆ ಸಿಕ್ಕಿದರೆ ಆ ಚೀಲ ಬಳಸಬೇಡಿ. ಕೊನೆಯ ವರಸೆಗೂ ಬೀಮಿಗೂ ನಡುವೆ 10ರಿಂದ 15 ಮಿ.ಮೀ. ಬಿಟ್ಟು, ಗೋಡೆ ಕೂತ ಮೇಲೆ ತುಂಬಿ.