ಸುಝೌನಲ್ಲಿ ದೊಂಗ್‌ಝಿ ಹಬ್ಬದ ಊಟ: ಹೊಸದಾಗಿ ಬಂದವರಿಗೆ

ವರ್ಷದ ಅತಿ ದೀರ್ಘ ರಾತ್ರಿ ಬೀಳುವ ದೊಂಗ್‌ಝಿ ಸಾಮಾನ್ಯವಾಗಿ ಡಿಸೆಂಬರ್ 21 ಅಥವಾ 22ಕ್ಕೆ ಬರುತ್ತದೆ. ಚೀನಾದ ಸುಝೌ ನಗರದ ಮಂದಿಗೆ ಮುಖ್ಯವಾದದ್ದು ಅದರ ಹಿಂದಿನ ರಾತ್ರಿ. ಸರ್ಕಾರಿ ರಜೆ ಇಲ್ಲದಿದ್ದರೂ ಎಲ್ಲರೂ ಬೇಗ ಮನೆ ಸೇರುತ್ತಾರೆ, ಹಾಗಾಗಿ ಸಂತೆ ಸಾಮಾನು ಮಧ್ಯಾಹ್ನವೇ ತಂದಿಟ್ಟುಕೊಳ್ಳಿ. ಯಾರಾದರೂ ಊಟಕ್ಕೆ ಕರೆದರೆ ಹಿರಿಯರಿಗೆ ಎಡೆ ಇಟ್ಟು ಮುಗಿಯುವವರೆಗೆ ಕಾಯಿರಿ. ಊಟಕ್ಕೆ ಬರಲಾಗದ ಮನೆಯವರ ಹೆಸರಿನಲ್ಲಿ ಬಟ್ಟಲು, ಚಾಪ್‌ಸ್ಟಿಕ್ ಇಡುವುದುಂಟು. ಆ ಜಾಗದಲ್ಲಿ ಕೂರಬೇಡಿ.

ಆ ರಾತ್ರಿಯ ಪಾನೀಯ ದೊಂಗ್‌ನಿಯಾಂಗ್. ಅಂಟಕ್ಕಿಯಿಂದ ಮಾಡಿದ, ಓಸ್ಮಾಂಥಸ್ ಹೂವಿನ ಪರಿಮಳದ ಸಿಹಿ ಮದ್ಯ ಇದು. ಈ ಕೆಲವು ವಾರ ಮಾತ್ರ ಸಿಗುತ್ತದೆ, ತಣ್ಣಗೇ ಕುಡಿಯುತ್ತಾರೆ. ಬಾಟಲಿಯೊಳಗೂ ಹುಳಿಯುವಿಕೆ ನಡೆಯುತ್ತಲೇ ಇರುವುದರಿಂದ ಮುಚ್ಚಳ ಬಿಗಿ ಮಾಡಿದರೆ ಗಾಳಿ ತುಂಬಿ ಚಿಮ್ಮುತ್ತದೆ, ಒಡೆಯಲೂಬಹುದು. ಮುಚ್ಚಳ ಸಡಿಲವಾಗಿಟ್ಟು ಫ್ರಿಜ್‌ನಲ್ಲಿ ನೆಟ್ಟಗೆ ನಿಲ್ಲಿಸಿ, ಒಂದೆರಡು ದಿನದಲ್ಲಿ ಮುಗಿಸಿ. ರುಚಿ ಪಾನಕದಂತಿದ್ದರೂ ಇದು ಮದ್ಯವೇ: ಮಕ್ಕಳಿಗೆ ಬೇಡ, ಕುಡಿದು ಕಾರು ಮುಟ್ಟಲೇಬೇಡಿ. ಚೀನಾದಲ್ಲಿ 100 ಮಿ.ಲೀ. ರಕ್ತದಲ್ಲಿ 20 ಮಿ.ಗ್ರಾಂ ಆಲ್ಕೋಹಾಲ್ ಸಿಕ್ಕರೂ ಅಪರಾಧ.

ಸಸ್ಯಾಹಾರಿಗಳು ಎಡವುವುದು ಸಿಹಿಯಲ್ಲಿ. ಕರಿಎಳ್ಳಿನ ತಾಂಗ್‌ಯುವಾನ್ ಉಂಡೆಯ ಹೂರಣಕ್ಕೆ ಹಂದಿ ಕೊಬ್ಬು ಹಾಕುವುದೇ ವಾಡಿಕೆ. ಕೆಂಪು ಕಾಳಿನ ಹೂರಣದಲ್ಲೂ ಎಷ್ಟೋ ಸಲ ಇರುತ್ತದೆ. "ಯೋ ಮೇ ಯೋ ಝೂಯೋ?" (ಹಂದಿ ಕೊಬ್ಬು ಇದೆಯೇ?) ಎಂದು ಕೇಳಿ. ಉಚ್ಚಾರಣೆ ಗೊತ್ತಾಗದಿದ್ದರೆ ಫೋನಿನಲ್ಲಿ ಬರೆದು ತೋರಿಸಿ, ಪೊಟ್ಟಣದ ಮೇಲಿನ ಪಟ್ಟಿಯನ್ನು ಕ್ಯಾಮೆರಾದಲ್ಲಿ ಅನುವಾದಿಸಿ ನೋಡಿ.

ಮನೆಯಲ್ಲೇ ಮಾಡುವುದು ನೆಮ್ಮದಿ, ಕೊಬ್ಬಿನ ಕೆಲಸವನ್ನು ನಮ್ಮ ತುಪ್ಪ ಚೆನ್ನಾಗಿ ಮಾಡುತ್ತದೆ. 90 ಗ್ರಾಂ ಕರಿಎಳ್ಳು ಹುರಿದು, ಪೂರ್ತಿ ಆರಿದ ಮೇಲೆ ಪುಡಿ ಮಾಡಿ; ಬಿಸಿಯಲ್ಲೇ ಅರೆದರೆ ಎಣ್ಣೆ ಬಿಟ್ಟು ಮುದ್ದೆಯಾಗುತ್ತದೆ. 50 ಗ್ರಾಂ ಸಕ್ಕರೆ ಪುಡಿ, 55 ಗ್ರಾಂ ತುಪ್ಪ ಕಲಸಿ ಫ್ರಿಜ್‌ನಲ್ಲಿ ಗಟ್ಟಿ ಮಾಡಿ, 8 ಗ್ರಾಂ ಗೋಲಿಗಳಾಗಿ ಉರುಳಿಸಿ. ಗೋಲಿ ಮೆತ್ತಗಿದ್ದರೆ ಮುಚ್ಚುವಾಗ ಹೂರಣ ಹೊರಬರುತ್ತದೆ.

ಕಣಕಕ್ಕೆ 200 ಗ್ರಾಂ ಅಂಟಕ್ಕಿ ಹಿಟ್ಟೇ ಬೇಕು (ನುವೊಮಿಫೆನ್), ರೊಟ್ಟಿಯ ಅಕ್ಕಿ ಹಿಟ್ಟು ಆಗದು. ಬೆಚ್ಚಗಿನ ನೀರು ಸುಮಾರು 165 ಮಿ.ಲೀ.; ಒಮ್ಮೆಲೇ ಸುರಿಯಬೇಡಿ, ಹಿಟ್ಟಿನಿಂದ ಹಿಟ್ಟಿಗೆ ನೀರು ಹಿಡಿಯುವುದು ಬೇರೆ. ಅಂಚು ಬಿರಿದರೆ ಒಂದು ನಿಂಬೆ ಗಾತ್ರದ ತುಂಡನ್ನು ಬೇಯಿಸಿ ಮತ್ತೆ ಅದರಲ್ಲೇ ನಾದಿ; ಬೆಂದ ಹಿಟ್ಟು ಅಂಟಾಗಿ ಉಳಿದದ್ದನ್ನು ಹಿಡಿದಿಡುತ್ತದೆ. ಒದ್ದೆ ಬಟ್ಟೆ ಮುಚ್ಚಿಟ್ಟುಕೊಂಡು 15 ಗ್ರಾಂ ಕಣಕದೊಳಗೆ ಒಂದೊಂದು ಎಳ್ಳಿನ ಗೋಲಿ ಇಟ್ಟು ಮುಚ್ಚಿ ಉಂಡೆ ಕಟ್ಟಿ, ಸುಮಾರು 24 ಆಗುತ್ತವೆ.

ಕುದಿಯುವ ನೀರಿಗೆ ಬಿಟ್ಟು, ತಳ ಹಿಡಿಯದಂತೆ ಸೌಟಿನ ಹಿಂಬದಿಯಿಂದ ಮೆಲ್ಲಗೆ ತಳ್ಳಿ. ತೇಲಿದ ಮೇಲೆ ಉರಿ ಸಣ್ಣ ಮಾಡಿ ಅರ್ಧ ಲೋಟ ತಣ್ಣೀರು ಹಾಕಿ, ಮತ್ತೆ ಕುದಿ ಬಂದಾಗ ಇನ್ನೊಮ್ಮೆ. ಜೋರು ಕುದಿಯಲ್ಲಿ ಸಿಪ್ಪೆ ಹರಿದು ನೀರೆಲ್ಲ ಕಪ್ಪಾಗುತ್ತದೆ. ಅಂಗಡಿಯ ಫ್ರೋಜನ್ ಉಂಡೆಗಳನ್ನೂ ಕರಗಿಸದೆ ನೇರ ಹಾಕಿ. ಒಳಗಿನ ಹೂರಣ ತುಂಬಾ ಹೊತ್ತು ಸುಡುತ್ತಿರುತ್ತದೆ, ಉಂಡೆ ಗಂಟಲಿಗೂ ಅಂಟುತ್ತದೆ. ಅಜ್ಜ ಅಜ್ಜಿಗೆ, ಚಿಕ್ಕ ಮಕ್ಕಳಿಗೆ ಕತ್ತರಿಸಿ ಆರಿಸಿಯೇ ಕೊಡಿ.